ನನ್ನ ಕುರ್ಚಿಯ ಹಿಂದೆ

ಅಮ್ಮನಿಗೆ,

ಮೊದಲು ನಮಸ್ಕಾರ, ಆಮೇಲೆ ಜಗಳ. ಎರಡು ಬಸ್ಸು ಬದಲಾಯಿಸಿದರೆ ನಿಮ್ಮ ಮನೆ. ಬಂದು ಬಾಯಲ್ಲೇ ಹೇಳಬಹುದಿತ್ತು. ಆದರೆ ನಾನು ಎದುರಿಗೆ ಕೂತು ಇಂಥ ಮಾತು ತೆಗೆದರೆ ನೀನು ನಗುತ್ತೀಯ. "ಸುಮ್ನಿರೇ, ಇಷ್ಟು ದೊಡ್ಡವಳಾಗಿ" ಅನ್ನುತ್ತೀಯ. ಅಷ್ಟರಲ್ಲಿ ಪುಟ್ಟ ಒಳಗಿನಿಂದ "ಅಮ್ಮ, ನನ್ನ ಸಾಕ್ಸ್ ಎಲ್ಲಿ" ಅಂತ ಕೂಗುತ್ತಾನೆ, ನೀನು ಎದ್ದು ಹೋಗುತ್ತೀಯ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಕಾಗದವಾದರೆ ಪೂರ್ತಿ ಓದುತ್ತೀಯ ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ಅವನಿಗೆ ತೋರಿಸಬೇಡ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನನಗೆ ನನ್ನ ಸ್ವಂತ ತಮ್ಮ ಪುಟ್ಟನ ಮೇಲೆ ಹೊಟ್ಟೆಕಿಚ್ಚು. ಅವನು ಕನ್ನಡಕದ ಅಂಗಡಿಯಲ್ಲಿ ತಣ್ಣಗೆ ನಿಂತು ಕೆಲಸ ಮಾಡುತ್ತಾನೆ, ಮಾಡಲಿ. ನಾನು ಟೈರ್ ಅಂಗಡಿಯಲ್ಲಿ ಲಾರಿ ಚಕ್ರ ಉರುಳಿಸುತ್ತೇನೆ, ಅದು ನಾನೇ ಇಷ್ಟಪಟ್ಟು ಹಿಡಿದ ಕೆಲಸ. ಆದರೆ ಅವನು ಹಾಕಿಕೊಳ್ಳುವ ಅಂಗಿಯ ಕಾಲರ್ ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಲಾಂಡ್ರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಆಸ್ಪತ್ರೆಯ ಚಾದರಗಳಿಗೆ ಇಸ್ತ್ರಿ ಎಳೆದು, ಮೊಣಕಾಲು ಹಿಡಿದುಕೊಂಡು ಮನೆಗೆ ಬಂದು, ಮತ್ತೆ ನಿಂತುಕೊಂಡು ಅವನ ಅಂಗಿಗೆ ಇಸ್ತ್ರಿ ಮಾಡುತ್ತೀಯಲ್ಲ, ಅದಕ್ಕೆ. ಮೂವತ್ತು ದಾಟಿದ ಹೆಂಗಸು ಅಂಗಿಯ ಕಾಲರ್ ನೋಡಿ ಹೊಟ್ಟೆ ಉರಿಸಿಕೊಳ್ಳುವುದು ನಾಚಿಕೆಗೇಡು ಅಂತ ನನಗೂ ಗೊತ್ತು. ಗೊತ್ತಿದ್ದರೂ ಉರಿಯುತ್ತದೆ.

ಇಷ್ಟು ವರ್ಷ ನುಂಗಿಕೊಂಡೇ ಇದ್ದೆ. ಕಳೆದ ಭಾನುವಾರದ ಬರ್ಗರ್ ತಿನ್ನುವ ಪಂದ್ಯ ಆದಮೇಲೆ ನುಂಗಲು ಆಗುತ್ತಿಲ್ಲ.

ಆ ಪಂದ್ಯಕ್ಕೆ ಮೊದಲು ಹೆಸರು ಕೊಟ್ಟಿದ್ದು ನಾನು. ಸಿಗ್ನಲ್ ಪಕ್ಕದ ಆ ಬರ್ಗರ್ ಅಂಗಡಿಯ ಡೆಲಿವರಿ ಗಾಡಿಗಳಿಗೆ ಪಂಕ್ಚರ್ ಹಾಕುವವಳು ನಾನೇ ತಾನೆ. ನಾನು ಸೇರುತ್ತೇನೆ ಅಂತ ಹೇಳಿದ ಮರುದಿನವೇ ಪುಟ್ಟನೂ ಸೇರಿದ. ಕಡ್ಡಿಯ ಹಾಗಿದ್ದಾನೆ, ಆದರೆ ಚಿಕ್ಕಂದಿನಿಂದಲೂ ಅಗಿಯದೆ ನುಂಗುವುದರಲ್ಲಿ ಅವನ ಸಮ ಯಾರೂ ಇಲ್ಲ. ನೀನು ಇಬ್ಬರನ್ನೂ ನೋಡಲು ಬರುತ್ತೇನೆ ಅಂದೆ. ನನಗೆ ಆ 'ಇಬ್ಬರನ್ನೂ' ಎಂಬ ಮಾತೇ ಸಾಕಾಗಿತ್ತು, ನಿಜ ಹೇಳುತ್ತೇನೆ, ವಾರವೆಲ್ಲ ಶಿಳ್ಳೆ ಹೊಡೆದುಕೊಂಡು ಕೆಲಸ ಮಾಡಿದೆ.

ಆ ದಿನದ ಗದ್ದಲ ನಿನಗೂ ನೆನಪಿರಬೇಕು. ಮೇಜುಗಳನ್ನೆಲ್ಲ ಉದ್ದಕ್ಕೆ ಜೋಡಿಸಿದ್ದರು. ಒಳಗೆ ಜಾಗ ಸಿಗದವರು ಹೊರಗೆ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದರು. ಎಣ್ಣೆಯ ಹೊಗೆ, ಸುಟ್ಟ ಚೀಸಿನ ವಾಸನೆ, ಅಡುಗೆಮನೆಯ ಟೈಮರ್‌ಗಳ ಕೀಚಲು, ಅದರ ಮೇಲೆ ಕೆಂಪು ಟೋಪಿಯ ಮ್ಯಾನೇಜರನ ಮೈಕಿನ ಅರಚಾಟ. ಆಗ ಅವನು ನಿಯಮ ಹೇಳಿದ. ಅರ್ಧ ಗಂಟೆಯಲ್ಲಿ ಹೆಚ್ಚು ಬರ್ಗರ್ ತಿಂದವರು ಗೆದ್ದಂತೆ. ಪ್ರತಿಯೊಬ್ಬರ ಕುರ್ಚಿಯ ಹಿಂದೆ ಅವರ ಕಡೆಯವರು ಒಬ್ಬರು ನಿಲ್ಲಬೇಕು. ನೀರು ತುಂಬಿಸಬೇಕು, ಹುರಿದುಂಬಿಸಬೇಕು, ಗಂಟಲಿಗೆ ಸಿಕ್ಕಿಕೊಂಡರೆ ಬೆನ್ನು ತಟ್ಟಬೇಕು. ತಟ್ಟೆ ಮಾತ್ರ ಮುಟ್ಟುವಂತಿಲ್ಲ, ಮುಟ್ಟಿದರೆ ತಿನ್ನುವವರ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ.

ಪುಟ್ಟ ನಿನ್ನ ಮುಖ ನೋಡಿದ. ನಾನೂ ನೋಡಿದೆ. ನೀನು ಒಂದು ಸಲ ಯೋಚಿಸಿದ್ದರೂ ನಾನು ಕ್ಷಮಿಸುತ್ತಿದ್ದೆ. ನೀನು ಕೈಚೀಲ ಹೆಗಲಿಗೆ ಏರಿಸಿಕೊಂಡು ನೆಟ್ಟಗೆ ಅವನ ಕುರ್ಚಿಯ ಹಿಂದೆ ಹೋಗಿ ನಿಂತೆ. ದಾರಿಯಲ್ಲಿ ನನ್ನ ಕುರ್ಚಿಗೆ ತಾಗಿಕೊಂಡೇ ಹೋದೆ.

ನಾನು ಪೆಚ್ಚು ಮೋರೆ ಹಾಕಿಕೊಂಡು ಕೂತಿದ್ದೆ. ಜನರ ನಡುವೆ ನಿಂತಿದ್ದ ನಮ್ಮ ಟೈರ್ ಅಂಗಡಿಯ ಯಜಮಾನರು "ಬಿಡಮ್ಮ, ನಾನಿದೀನಲ್ಲ" ಅಂತ ಬಂದು ನಿಂತರು. ಪುಣ್ಯಾತ್ಮರಿಗೆ ಮನುಷ್ಯರನ್ನು ಹುರಿದುಂಬಿಸಿ ಅಭ್ಯಾಸವಿಲ್ಲ. ಸೀಟಿ ಊದಿದ್ದೇ ತಡ, ಟೈರಿಗೆ ಗಾಳಿ ಹೊಡೆಸುವವರ ಹಾಗೆ "ಹಾಕು, ಹಾಕು, ಇನ್ನೂ ಹಿಡಿಯುತ್ತೆ" ಅಂತ ಶುರು ಮಾಡಿದರು. ಪಕ್ಕದ ಕುರ್ಚಿಯಲ್ಲಿ ತಿನ್ನುತ್ತಿದ್ದ ಬಸ್ ಡ್ರೈವರ್ ಒಬ್ಬ ನಗು ತಡೆಯಲಾಗದೆ ಒಂದು ತುತ್ತು ಉಗುಳಿಬಿಟ್ಟ.

ನಾನು ಮಾಂಸದ ಬಿಲ್ಲೆಯನ್ನು ಬೇರೆ ತೆಗೆದು ಮೊದಲು ಅದನ್ನು ಮುಗಿಸುತ್ತಿದ್ದೆ. ಆಮೇಲೆ ಬನ್ನನ್ನು ನೀರಲ್ಲಿ ಅದ್ದಿ, ಹಿಂಡಿ, ಉಂಡೆ ಮಾಡಿ ಒಳಗೆ ತಳ್ಳುತ್ತಿದ್ದೆ. ಕೈಯೆಲ್ಲ ಸಾಸು, ಗಲ್ಲದ ಮೇಲೆ ಸೊಪ್ಪು. ಮ್ಯಾನೇಜರ್ ನನ್ನ ಲೆಕ್ಕ ಕೂಗುತ್ತಾನೆ, ಜನ ಹೋ ಅನ್ನುತ್ತಾರೆ. ಪುಟ್ಟನ ಲೆಕ್ಕ ಕೂಗುತ್ತಾನೆ, ಅವನದು ನನಗಿಂತ ಒಂದು ಜಾಸ್ತಿ. ಮತ್ತೆ ಹಿಡಿಯುತ್ತೇನೆ, ಮತ್ತೆ ಅವನೇ ಮುಂದೆ. ಅಷ್ಟು ಹೊತ್ತೂ ನನ್ನ ಒಂದು ಕಿವಿ ನಿನ್ನ ಕಡೆಗೇ ಇತ್ತು. "ನಿಧಾನ ಕಣೋ. ನೀರು ಕುಡಿ. ಬಿಸಿ ಇದೆಯಾ?" ಗಬಗಬನೆ ತಿನ್ನುವ ಪಂದ್ಯದಲ್ಲಿ 'ನಿಧಾನ' ಅನ್ನುವವಳು ನೀನೊಬ್ಬಳೇ ಇರಬೇಕು. ನಗು ಬರಬೇಕಿತ್ತು. ನನಗೆ ಬರ್ಗರ್ ಗಂಟಲಲ್ಲಿ ನಿಂತುಕೊಂಡಿತು.

ಕೊನೆಗೆ ಬಸ್ ಡ್ರೈವರ್ ಕೈ ಎತ್ತಿದ, ಉಳಿದವರೂ ಎದ್ದರು, ನಾವಿಬ್ಬರೇ ಉಳಿದೆವು. ಜನ ಮೇಜು ಬಡಿಯುತ್ತಿದ್ದರು. ಪುಟ್ಟನ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು, ಆದರೂ ಹುಡುಗ ಮುಂದೆಯೇ ಇದ್ದ. ಇನ್ನೊಂದು ನಿಮಿಷ ಹೀಗೇ ಹೋಗಿದ್ದರೆ ಗೆಲ್ಲುತ್ತಿದ್ದ. ಆಗ ನೀನು ಬಗ್ಗಿ, "ಸಾಕು ಮಗನೇ, ಇನ್ನು ಬೇಡ" ಅಂತ ಅವನ ಮುಂದಿನ ತಟ್ಟೆ ಎಳೆದುಕೊಂಡೆ.

ಮ್ಯಾನೇಜರ್ ಸೀಟಿ ಊದಿದ. ಪುಟ್ಟ "ಅಮ್ಮಾ, ಏನ್ ಮಾಡ್ದೆ ನೀನು" ಅಂತ ತಲೆ ಹಿಡಿದುಕೊಂಡ. ನಿನಗೆ ತಪ್ಪೇನಾಯಿತು ಅಂತಲೇ ತಿಳಿಯಲಿಲ್ಲ, ತಟ್ಟೆ ಹಿಡಿದುಕೊಂಡೇ ನಿಂತಿದ್ದೆ. ನಾನು ಉಳಿದ ಸಮಯದಲ್ಲಿ ಅವನ ಲೆಕ್ಕ ದಾಟಿದೆ. ಗೆದ್ದೆ. ಯಜಮಾನರು ನನ್ನ ಕೈ ಹಿಡಿದೆತ್ತಿ ಕುಣಿದರು, ಜನ ನನ್ನ ಹೆಸರು ಕೂಗಿದರು, ಕ್ಯಾಷ್ ಕೌಂಟರಿನ ಮೇಲೆ ಹಾಕಲು ಫೋಟೋ ತೆಗೆದರು. ಆ ಫೋಟೋ ನೋಡು ಬೇಕಾದರೆ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ನಾನು ಪಕ್ಕಕ್ಕೆ ನೋಡುತ್ತಿದ್ದೇನೆ. ನೀನು ಕರವಸ್ತ್ರ ಒದ್ದೆ ಮಾಡಿ ಸೋತವನ ಕತ್ತು ಒರೆಸುತ್ತಿದ್ದೆ.

ಹೊರಗೆ ಬಂದಮೇಲೆ ನಾನೇ ಹತ್ತಿರ ಬಂದು, "ನನ್ನನ್ನೂ ಸ್ವಲ್ಪ ನೋಡಮ್ಮ" ಅಂದೆ. ತಮಾಷೆ ಮಾಡುವ ದನಿಯಲ್ಲಿ ಅಂದೆ, ಆದರೆ ತಮಾಷೆಗಲ್ಲ. "ನಿನಗೇನಾಗುತ್ತೇ, ಕಲ್ಲು ತಿಂದು ಕರಗಿಸ್ಕೊಳ್ಳೋಳು" ಅಂದೆ ನೀನು. ಹೊಗಳಿಕೆಯೆಂದೇ ಹೇಳಿದೆ, ಗೊತ್ತು. ಚಿಕ್ಕಂದಿನಿಂದ ಇದನ್ನೇ ಹೇಳಿಕೊಂಡು ಬಂದಿದ್ದೀಯ. ಇವಳು ಗಟ್ಟಿ, ಇವಳಿಗೆ ಏನೂ ಆಗಲ್ಲ. ನೀವಿಬ್ಬರೂ ಬಸ್ಸು ಹತ್ತಿದಿರಿ. ನಾನು ನಮ್ಮ ಅಂಗಡಿಯ ಹಿಂದೆ ಹಳೇ ಟೈರುಗಳ ಮೇಲೆ ಹೊಟ್ಟೆ ಹಿಡಿದುಕೊಂಡು ಮುದುಡಿ ಕೂತೆ. ಬೆವರು ಕಿತ್ತುಕೊಂಡು ಬಂತು, ಎರಡು ಸಲ ವಾಂತಿಯಾಯಿತು. ನನಗೂ ಆಗುತ್ತದೆ ಅಮ್ಮ. ನೀನು ನೋಡಿಲ್ಲ, ಅಷ್ಟೇ.

ಇನ್ನು ಈ ಭಾನುವಾರದ ವಿಷಯ. ಬರ್ಗರಿನವರ ದೊಡ್ಡ ಅಂಗಡಿಯಲ್ಲಿ ಕೊನೆಯ ಪಂದ್ಯ. ಮೊದಲ ಇಬ್ಬರಿಗೆ ಅವಕಾಶ, ಹಾಗಾಗಿ ನಾನೂ ಇದ್ದೇನೆ, ಅವನೂ ಇದ್ದಾನೆ. ಮೊನ್ನೆ ಪುಟ್ಟ ನಮ್ಮ ಅಂಗಡಿಗೆ ಬಂದು ಯಜಮಾನರನ್ನು ತನ್ನ ಹಿಂದೆ ನಿಲ್ಲಲು ಒಪ್ಪಿಸಿಕೊಂಡು ಹೋದ. "ಅಮ್ಮ ಬೇಡ ಅಕ್ಕ, ಅಮ್ಮ ನಿಂತರೆ ಸೋಲ್ತೀನಿ" ಅಂದ. ಯಜಮಾನರಿಗಂತೂ ಗೆಲ್ಲಿಸುವ ಹುಚ್ಚು ಹತ್ತಿದೆ, ಹೂಂ ಅಂದುಬಿಟ್ಟರು. ನಿನಗಿನ್ನೂ ಅವನು ಹೇಳಿಲ್ಲದಿದ್ದರೆ ಬೇಜಾರು ಮಾಡಿಕೊಳ್ಳಬೇಡ.

ಅವನು ಬೇಡ ಅಂದಮೇಲೆ ನೀನು ನನಗೆ ಸಿಗಬೇಕೇ ಎಂದು ಒಂದು ದಿನವೆಲ್ಲ ಮುಖ ಊದಿಸಿಕೊಂಡಿದ್ದೆ. ಯಾರನ್ನೂ ಕರೆಯುವುದಿಲ್ಲ, ಹಿಂದೆ ಯಾರೂ ನಿಲ್ಲದಿದ್ದರೂ ಗೆದ್ದು ಬರುತ್ತೇನೆ ಅಂದುಕೊಂಡೆ. ಆ ಜಂಬ ಒಂದು ದಿನಕ್ಕಿಂತ ಹೆಚ್ಚು ಬಾಳಲಿಲ್ಲ. ಬಾ ಅಮ್ಮ. ನೀನು ನಿಂತರೆ ನಾನು ಸೋಲುತ್ತೇನೆ ಅಂತ ಚೆನ್ನಾಗಿ ಗೊತ್ತಿದ್ದೇ ಕರೆಯುತ್ತಿದ್ದೇನೆ. ನನ್ನ ಹಿಂದೆ ನಿಂತುಕೋ, ನನ್ನ ಮುಖ ನೋಡು, ಕಣ್ಣು ಕೆಂಪಾದ ತಕ್ಷಣ ತಟ್ಟೆ ಎಳೆದುಕೋ. ಎಲ್ಲರಿಗೂ ಕೇಳಿಸುವಂತೆ ಒಂದು ಸಲ ನನಗೆ 'ಸಾಕು' ಅನ್ನು. ಬಾಯಲ್ಲಿ ಇರುವುದನ್ನೂ ಉಗುಳಿ ಎದ್ದು ಬರುತ್ತೇನೆ.

ನಿನ್ನ ಮೊಣಕಾಲಿನ ನೋವು ಇಳಿಯಲಿ, ಬಸ್ಸಿನಲ್ಲಿ ಕೂರಲು ಸೀಟು ಸಿಗಲಿ.

ದಾರಿ ಕಾಯುವ,
ನಿನ್ನ ಮೊದಲನೇ ಮಗು