ಹೆಬ್ಬಾಗಿಲಿನ ಅಗಳಿ

ಹ್ಯಾಮಂಡ್,

ನಿಮ್ಮನ್ನೆಲ್ಲ ಹತ್ತಿಸಿಕೊಂಡ ಹಡಗು ಇನ್ನೂ ಕಣ್ಣಿಗೆ ಕಾಣುತ್ತಿತ್ತು, ಬಂದರಿನಲ್ಲಿ ಆಗಲೇ ವಾದ ಶುರುವಾಯಿತು: ಇಂಗ್ಲೆಂಡಿನ ದೊರೆ ಕಡಲಾಚೆಯ ಈ ನಾರ್ಮಂಡಿಯನ್ನು ಕಳೆದುಕೊಂಡದ್ದು ಯಾಕೆ?

"ಫ್ರೆಂಚರ ಫಿರಂಗಿ ಕಣಮ್ಮ," ಅಂದ ಕಮ್ಮಾರ ತೊಮಾ.

"ಸುಮ್ನಿರಣ್ಣ, ನಮ್ಮೂರ ಮೇಲೆ ಒಂದು ಗುಂಡಾದ್ರೂ ಹಾರ್ತಾ?" ಅಂದೆ.

ಕಾರಣ ನನಗೆ ಗೊತ್ತು. ಕಾವಲಿಗೆ ಸೈನಿಕರು ಸಾಲದೆ ಊರ ಹೆಬ್ಬಾಗಿಲಿನ ಅಗಳಿಯನ್ನು, ಆ ಉದ್ದನೆಯ ಅಡ್ಡತೊಲೆಯನ್ನು, ನೀವು ಇಂಗ್ಲಿಷರು ನಮ್ಮವರ ಕೈಗೇ ಬಿಟ್ಟಿದ್ದಿರಿ. ಬೆಳಗಾದರೆ ಕೋಟೆಗೋಡೆಯ ಮೇಲಿಂದ ನಿಮ್ಮ ಸೈನಿಕರು "ಲೇ ಮುದುಕಾ, ಅಗಳಿ ಎತ್ತೋ!" ಅಂತ ಕೂಗುತ್ತಿದ್ದದ್ದು ನನ್ನ ಅಪ್ಪನನ್ನು. ನನ್ನ ಕೈಯಡುಗೆ ಉಂಡ ನೀನೂ ಹಾಗೇ ಕೂಗಿದೆ. ಇವತ್ತು ನಸುಕಿನಲ್ಲಿ ಫ್ರೆಂಚರು ಬಂದು ನಿಂತಾಗ, ಯಾರೂ ಕೂಗದೆಯೇ ಅಪ್ಪ ಅಗಳಿ ಎತ್ತಿದ. ಇನ್ನೊಂದು ತುದಿ ಹಿಡಿದವಳು ನಾನು. ರಾಜ್ಯ ಹೋದದ್ದು ಅಷ್ಟಕ್ಕೇ.

ಈಗ ಊಟಕ್ಕೆ ಕೂತಾಗ ಅಪ್ಪ ರೊಟ್ಟಿ ಮುರಿಯುತ್ತಾ ಕೇಳಿದ, "ಮಗಾ, ಆ ನಿನ್ನ ಹುಡುಗನ ಹೆಸರೇನು?"

"ಇಷ್ಟು ದಿನ ಇಲ್ದೆ ಈಗ್ಯಾಕಪ್ಪ?"

"ಅವನು ನನ್ನ ಹೆಸರು ಕೇಳಲಿಲ್ವಲ್ಲ, ನಾನೂ ಬಿಗುಮಾನದಲ್ಲಿ ಕೇಳಿರ್ಲಿಲ್ಲ."

ಹೇಳಿಕೊಟ್ಟೆ. ಎರಡು ಸಲ ತಡವರಿಸಿದ. ಆಮೇಲೆ ಸರಿಯಾಗೇ ಅಂದ.

ಅಪ್ಪನ ಹೆಸರು ರೆನೂಫ್, ಹ್ಯಾಮಂಡ್.