ಗುರುಗಳು ಕೊಟ್ಟ ಕೋಟು

ಕಾದಂಬರಿಕಾರರಾದ ನಮ್ಮ ಯಜಮಾನರಿಗೆ,

ನಿಮ್ಮ ಪುಸ್ತಕ ತಲುಪಿತು. ಲಾಂಡ್ರಿಯ ಕೌಂಟರಿನಲ್ಲೇ ಕೂತು ಓದಿದೆ. ಕನಸಿನ ಕರೆ ಕೇಳಿ ನಾಯಕ ಮನೆ ಬಿಡುತ್ತಾನೆ, ಹೆಂಡತಿ ರಾಕ್ಷಸಿಯ ಹಾಗೆ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ನೀವು ಹೊರಟಾಗ ನಿಮ್ಮ ಅಂಗಿಗೆ ಇಸ್ತ್ರಿ ಹಾಕಿಕೊಟ್ಟವಳು ಇದೇ ರಾಕ್ಷಸಿ. ಇರಲಿ. ದಾರಿಯಲ್ಲಿ ಮುದುಕ ಗುರುವೊಬ್ಬ ಸಿಕ್ಕಿ, "ಇದು ನಿನ್ನನ್ನ ಕಾಯುತ್ತೆ" ಎಂದು ತನ್ನ ಬೂದು ಕೋಟು ಕೊಡುತ್ತಾನಂತೆ.

ಆ ಮುದುಕರು ನಮ್ಮ ಗಿರಾಕಿ. ಒಗೆಯಲು ಕೊಟ್ಟ ಕೋಟನ್ನು ನೀವು ಹಾಕಿಕೊಂಡು ಹೋದಿರಿ. ಈಗಲೂ ವಾರವಾರ ಚೀಟಿ ಹಿಡಿದು ಬಂದು, "ಒಣಗಿತೇನಮ್ಮ?" ಅಂತ ಕೇಳುತ್ತಾರೆ. ನಾನು ಮೋಡ ತೋರಿಸಿ ಕಳಿಸುತ್ತೇನೆ.

ಕೊನೆಗೆ ನಾಯಕ ಗೆದ್ದು ಮನೆಗೆ ಮರಳುತ್ತಾನೆ. ನೀವು ಅಷ್ಟು ಶ್ರಮ ಪಡಬೇಡಿ, ಕೋಟು ಬಂದರೆ ಸಾಕು. ಒಗೆದು ಕಳಿಸಲು ಹೋಗಬೇಡಿ, ಅದು ನಿಮಗೆ ಬರುವುದಿಲ್ಲ.

ಇಂತಿ,
ಎರಡನೇ ಅಧ್ಯಾಯದ ರಾಕ್ಷಸಿ