ನಿನ್ನ ಕಣಜಕ್ಕೆ ಗಂಡು ಸಿಕ್ಕಿತು

ಅಕ್ಕಾ,

ನಿನ್ನ ಕಣಜಕ್ಕೆ ಗಂಡು ಸಿಕ್ಕಿತು. ಈ ಮಾತನ್ನು ನಿನ್ನ ಹಾಸಿಗೆಯ ಪಕ್ಕ ಕೂತು ಹೇಳಬೇಕಿತ್ತು. ನೀನಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸಂತೋಷದ ಸುದ್ದಿಯಲ್ಲ ಇದು, ಪೂರ್ತಿ ಕೇಳು.

ನಮ್ಮ ಸಂಗ್ರಹಾಲಯದ ಆ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ನೀನು ಸ್ಕೋಲಿಡ್ ಕುಟುಂಬದ ಸಾವಿರಾರು ಕಣಜಹುಳುಗಳನ್ನು ಸೂಜಿಗೆ ಚುಚ್ಚಿ, ವಿಂಗಡಿಸಿ, ಬೇರೆಯವರಿಟ್ಟ ಹೆಸರುಗಳಡಿ ಸಾಲಾಗಿ ನಿಲ್ಲಿಸಿದೆ. ನೀನೇ ಹೆಸರಿಟ್ಟದ್ದು ಒಂದಕ್ಕೆ ಮಾತ್ರ. ಮೈತುಂಬ ಕಪ್ಪು ರೋಮ, ಹೊಟ್ಟೆಯ ಮೇಲೆ ಕಿತ್ತಳೆ ಪಟ್ಟೆ, ಮಣ್ಣು ತೋಡುವ ಮುಳ್ಳುಗಾಲು. ಆ ಹೆಣ್ಣು ಕಣಜ ನಿನಗೆ ಸಿಕ್ಕಿದ್ದು ಮಗು ತೀರಿಕೊಂಡ ವರ್ಷ. ಬೋರಲಾಗುವುದನ್ನೂ ಕಲಿಯದೆ ಹೋದ ಮಗಳ ಹೆಸರಿಗೆ ಲ್ಯಾಟಿನ್ನಿನ ಬಾಲ ಹಚ್ಚಿ ಅದಕ್ಕಿಟ್ಟೆ. ಲೇಖನ ಅಚ್ಚಾದ ಹಾಳೆಗೆ ಭಾವ ಕಟ್ಟು ಹಾಕಿಸಿ ಮಲಗುವ ಕೋಣೆಯಲ್ಲಿ ತೂಗುಹಾಕಿದರು. ಅದರಲ್ಲಿ ಅವರಿಗೆ ಅರ್ಥವಾಗುತ್ತಿದ್ದದ್ದು ಆ ಒಂದೇ ಪದ.

ಹೆಣ್ಣೇನೋ ಸಿಕ್ಕಿತು, ಗಂಡು ಸಿಗಲಿಲ್ಲ. ಈ ಕಣಜಗಳಲ್ಲಿ ಗಂಡನ್ನೂ ಹೆಣ್ಣನ್ನೂ ಪಕ್ಕಪಕ್ಕ ಇಟ್ಟರೆ ನೆಂಟರು ಅಂತಲೂ ಹೇಳಲಾಗದು ಎಂದು ನೀನೇ ಕಲಿಸಿದ್ದೆ. ಗಂಡಿಗೆ ತೆಳ್ಳನೆ ಮೈ, ಉದ್ದ ಮೀಸೆ, ಬೇರೆಯದೇ ಬಣ್ಣ. "ನಿನಗೆ ಗಂಡು ಹುಡುಕೋಕೂ ನಾನು ಇಷ್ಟು ಅಲೆದಿರಲಿಲ್ಲ ಕಣೇ" ಅಂತ ಅಪ್ಪ ರೇಗಿಸುತ್ತಿದ್ದರು. ಕೊನೆಗೆ ಆಸ್ಪತ್ರೆಯಲ್ಲಿ, ಮೂಗಿಗೆ ನಳಿಕೆ ಹಾಕಿದ್ದಾಗ, ನೀನು ನನ್ನ ಮಣಿಕಟ್ಟು ಹಿಡಿದುಕೊಂಡೆ. "ನನ್ನ ಕೈಲಿ ಆಗ್ಲಿಲ್ಲ. ನೀನು ಹುಡುಕು." ಆಮೇಲೆ ನೀರು ಕೇಳಿದ್ದು ಬಿಟ್ಟರೆ ನೀನು ಮಾತಾಡಲಿಲ್ಲ.

ಹುಡುಕಿದೆ. ಈ ಬೇಸಿಗೆ, ಒಂದು ನರ್ಸರಿಯ ಗೊಬ್ಬರದ ಗುಂಡಿಯ ಪಕ್ಕ. ಮಣ್ಣೊಳಗೆ ದಪ್ಪ ಬಿಳಿಯ ಗೊಣ್ಣೆಹುಳು, ಮೇಲೆ ಬಿಸಿಲಿಗೆ ಬಾಡಿದ ಹುಲ್ಲು. ಗಂಡು ಕಣಜಗಳು ನೆಲ ಸವರಿದಂತೆ ಸುತ್ತುತ್ತಿದ್ದವು. ನಿನ್ನ ಕಣಜದ್ದೇ ಒಂದು ಹೆಣ್ಣು ಮಣ್ಣು ಸೀಳಿ ಹೊರಬಂತು. ಅದು ಸುಧಾರಿಸಿಕೊಳ್ಳುವ ಮೊದಲೇ ಒಂದು ಗಂಡು ಮೇಲೆರಗಿತು. ಕೂಡಿಕೊಂಡ ಹಾಗೆಯೇ ಎರಡನ್ನೂ ಬಲೆಗೆ ಹಾಕಿದೆ. ಖುಷಿಗೆ ಕೂಗಿಬಿಟ್ಟೆ ಅಕ್ಕಾ. ನರ್ಸರಿಯ ಮಾಲಿ "ಕಚ್ಚಿತಾ ಮೇಡಂ?" ಅಂತ ಓಡಿಬಂದ.

ಆ ಖುಷಿ ಸೂಕ್ಷ್ಮದರ್ಶಕದವರೆಗೆ ಬಂತು, ಅಷ್ಟೇ. ಗಂಡು ಹೊಸದಲ್ಲ. ನಮ್ಮ ಅಜ್ಜಿ ಹುಟ್ಟುವ ಮೊದಲೇ ಯಾರೋ ಅದಕ್ಕೆ ಹೆಸರಿಟ್ಟಾಗಿದೆ. ನಮ್ಮದೇ ಬೀರುವಿನಲ್ಲಿ, ನಿನ್ನದಕ್ಕಿಂತ ಸ್ವಲ್ಪ ಕೆಳಗಿನ ಪೆಟ್ಟಿಗೆಯಲ್ಲಿ ಕೂತಿದೆ. ಗಂಡಿಗೊಂದು ಹೆಸರು, ಹೆಣ್ಣಿಗೊಂದು ಹೆಸರು, ಪ್ರಭೇದ ಒಂದೇ. ನನ್ನ ಕಣ್ಣೇ ತಪ್ಪಿರಲಿ ಅಂತ ಕಾಲಿನ ಚೂರುಗಳನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿದೆ. ತಪ್ಪಿರಲಿಲ್ಲ. ನಿಯಮ ನಿನಗೇ ಗೊತ್ತು, ಮೊದಲಿಟ್ಟ ಹೆಸರು ನಿಲ್ಲಬೇಕು. ಮಗುವಿನದು ಬೀಳಬೇಕು.

ಭಾವನಿಗೆ ಹೇಳದೆ ಅಚ್ಚಿಗೆ ಕೊಡಲು ಮನಸ್ಸು ಒಪ್ಪಲಿಲ್ಲ. ಮನೆಗೆ ಹೋಗಿ, ಊಟದ ಮೇಜಿನ ಎದುರು ಕೂತು ಹೇಳಿದೆ. ಅವರು ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ಇದು ಇನ್ಯಾರಿಗೆ ಗೊತ್ತು?"

ಯಾರಿಗೂ ಇಲ್ಲ ಅಂದೆ.

"ಹಾಗಾದ್ರೆ ಸುಮ್ನಿರಮ್ಮ. ಒಂದು ಹುಳದ ಹೆಸರಿಂದ ಯಾರಪ್ಪನ ಗಂಟು ಹೋಗುತ್ತೆ?"

ನೀನೂ ಎಷ್ಟೋ ದೊಡ್ಡವರಿಟ್ಟ ಹೆಸರುಗಳನ್ನು ಹೀಗೆ ಕಿತ್ತುಹಾಕಿದ್ದೆ, ಒಬ್ಬರ ಮುಲಾಜೂ ನೋಡಿರಲಿಲ್ಲ. ಅದನ್ನೇ ಹೇಳಿದೆ. ಅವರು ಕೈಯನ್ನೂ ತೊಳೆಯದೆ ಎದ್ದರು. "ಮಗೂನ ನಾನು ಹೂತು ಬಂದೆ. ನಿಮ್ಮಕ್ಕನ್ನೂ ನಾನೇ ಕಳಿಸಿಕೊಟ್ಟೆ. ಈ ಹೆಸರೊಂದನ್ನ ನೀನು ಹೂಳು."

ನಾನು ಲೇಖನ ಬರೆದು ಮುಗಿಸಿದ ದಿನ, ಭಾವ ಹೇಳದೆ ಕೇಳದೆ, ಸಂಗ್ರಹಾಲಯಕ್ಕೆ ಬಂದರು. ಬಾಗಿಲಲ್ಲೇ ನಿಂತು "ಅದನ್ನ ತೋರಿಸು" ಅಂದರು. ಇಷ್ಟು ವರ್ಷ ನಿನ್ನ ಜೊತೆ ಬಾಳಿದವರು, ಒಮ್ಮೆಯೂ ಅದನ್ನು ನೋಡಿರಲಿಲ್ಲವಂತೆ. ಪೆಟ್ಟಿಗೆ ತೆರೆದೆ.

"ಇಷ್ಟು ದೊಡ್ಡದಾ! ಇರುವೆಯಷ್ಟಿರುತ್ತೆ ಅಂದ್ಕೊಂಡಿದ್ದೆ."

ಗಾಜಿನ ಮೇಲೆ ಬಗ್ಗಿ, ಉಸಿರು ತಾಗದ ಹಾಗೆ ಬಾಯಿ ಮುಚ್ಚಿಕೊಂಡು ನೋಡಿದರು. ಆಮೇಲೆ "ಮರಿಗಳನ್ನ ಸಾಕುತ್ತಾ?" ಎಂದು ಕೇಳಿದರು. ಇದ್ದದ್ದನ್ನೇ ಹೇಳಿದೆ. ಮಣ್ಣಿನ ಕತ್ತಲಲ್ಲಿ ತೋಡಿಕೊಂಡು ಹೋಗಿ, ಗೊಣ್ಣೆಹುಳುವನ್ನು ಕುಟುಕಿ ಅಲ್ಲಾಡದಂತೆ ಮಾಡಿ, ಅದರ ಮೇಲೊಂದು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಮರಿಯ ಮುಖ ಅದು ಯಾವತ್ತೂ ನೋಡುವುದಿಲ್ಲ.

"ಒಳ್ಳೇದಾಯ್ತು ಬಿಡು ಅದಕ್ಕೆ," ಅಂದರು ಭಾವ.

ಅವರು ಮೆಟ್ಟಿಲಿಳಿದು ಹೋದರು. ನಾನು ಲೇಖನ ಕಳಿಸಿದೆ. ಅಂದಿನಿಂದ ಅವರು ನನ್ನ ಫೋನ್ ಎತ್ತುತ್ತಿಲ್ಲ.

ನೀನಿರುವ ಕಡೆ ಮಗು ನಿನ್ನ ಮಗ್ಗುಲಲ್ಲೇ ಇರಲಿ, ಅಕ್ಕಾ. ಅಲ್ಲಿ ಅವಳನ್ನು ಅವಳ ಹೆಸರಿಂದಲೇ ಕರೆ.

ನಿನ್ನ ತಂಗಿ